ಕರಿಯ ಕಾಣೆಯಾದ 19 ಗಂಟೆ: ಟ್ರೇಲರ್ ಪ್ರಯಾಣದ ಒಂದು ಪ್ರಕರಣ

ಮೂರನೇ ದಿನ ಸಂಜೆ ಆರೂವರೆಗೆ ಎರಡು ತಟ್ಟೆಯಲ್ಲಿ ಊಟ ಹಾಕಿದೆ. ಚುಕ್ಕಿ ಓಡಿ ಬಂದಳು. ಕರಿಯ ಬರಲಿಲ್ಲ.

ನಮ್ಮದು ಕಾರಿನ ಹಿಂದೆ ಕಟ್ಟಿ ಎಳೆಯುವ, ಮಂಚ, ಬಚ್ಚಲು, ಸಿಂಕು ಎಲ್ಲ ಇರುವ 20 ಅಡಿ ಉದ್ದದ ಟ್ರೇಲರ್. ಅದರೊಳಗೆ 6 ಕಿಲೋ ತೂಕದ ಕಪ್ಪು ಬೆಕ್ಕು ಕಾಣದೆ ಹೋಗುವುದಕ್ಕೆ ಜಾಗ ಎಲ್ಲಿದೆ? ಹಾಸಿಗೆಯ ಕೆಳಗೆ ನೋಡಿದೆವು. ಬಚ್ಚಲಲ್ಲಿ ನೋಡಿದೆವು. ಕಪಾಟುಗಳನ್ನೆಲ್ಲ ತೆರೆದು ನೋಡಿದೆವು. ಐದು ನಿಮಿಷಕ್ಕೆ ಹುಡುಕುವ ಜಾಗವೇ ಮುಗಿದುಹೋಯಿತು. ಅಷ್ಟರಲ್ಲಿ ಅಕ್ಕನ ಮುಖ ಬಿಳಿಚಿಕೊಂಡಿತ್ತು. ಅರ್ಧ ಗಂಟೆ ಮುಂಚೆ ನೀರಿನ ಕ್ಯಾನು ಒಳಗೆ ತರುವಾಗ ಅವಳು ಬಾಗಿಲನ್ನು ಒಂದು ನಿಮಿಷ ಹಾಗೇ ಬಿಟ್ಟಿದ್ದಳಂತೆ.

"ಹೋಯ್ತು ಕಣೇ, ಹೊರಗೆ ಹೋಗ್ಬಿಟ್ಟಿದಾನೆ" ಎಂದಳು.

ನಾನೂ ಅದನ್ನೇ ನಂಬಿದೆ. ಮರುದಿನ ಬೆಳಿಗ್ಗೆ ಹನ್ನೊಂದರವರೆಗೆ ನಾವು ಮಾಡಿದ್ದೆಲ್ಲ ಆ ಒಂದು ನಂಬಿಕೆಯ ಮೇಲೆ.

ಹೊರಡುವ ಮುಂಚೆ

ಕರಿಯನಿಗೆ 8 ವರ್ಷ. ಮರಿಯಾಗದಂತೆ ಆಪರೇಷನ್ ಆದ ಗಂಡು, ಸ್ವಲ್ಪ ದಪ್ಪ, ಹೊಸಬರು ಮನೆಗೆ ಬಂದರೆ ಎರಡು ದಿನ ಬೀರುವಿನ ಹಿಂದೆ ಇರುವವನು. ಚುಕ್ಕಿಗೆ 3 ವರ್ಷ. ಅವಳಿಗೆ ಭಯ ಅಂದರೇನು ಅಂತ ಯಾರೂ ಹೇಳಿಕೊಟ್ಟಿಲ್ಲ. ಇಬ್ಬರೂ ಮನೆಯೊಳಗೇ ಬೆಳೆದವರು. ನಮ್ಮ ಪ್ಲಾನ್ 12 ದಿನ, 5 ಜಾಗ.

ತಯಾರಿ ಮಾಡಿಕೊಳ್ಳದೆ ಹೊರಟೆವು ಅಂತ ಯಾರೂ ಹೇಳುವ ಹಾಗಿರಲಿಲ್ಲ. ಲಸಿಕೆ ಆಗಿತ್ತು. ಇಬ್ಬರ ಮೈಯಲ್ಲೂ ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್ ಇತ್ತು. ಅದರಲ್ಲಿರುವುದು 15 ಅಂಕಿಯ ಒಂದು ನಂಬರ್, ಅಷ್ಟೇ. ಬೆಕ್ಕು ಎಲ್ಲಿದೆ ಅಂತ ಅದು ತೋರಿಸುವುದಿಲ್ಲ. ಯಾರಾದರೂ ಬೆಕ್ಕನ್ನು ಹಿಡಿದು ಸ್ಕ್ಯಾನರ್ ಹತ್ತಿರ ತಂದಾಗ ಮಾತ್ರ ನಂಬರ್ ಸಿಗುತ್ತದೆ, ಆ ನಂಬರಿನ ಎದುರು ನಮ್ಮ ಫೋನ್ ಸರಿಯಾಗಿ ದಾಖಲಾಗಿರಬೇಕು. ನಮ್ಮದು ಹಳೇ ಫೋನ್ ನಂಬರ್ ಇತ್ತು. ಹೊರಡುವ ವಾರ ಅಕ್ಕ ನೋಡಿ ಬದಲಾಯಿಸಿದಳು.

ದಾರಿಯಲ್ಲಿ ಬೆಕ್ಕುಗಳು ಇದ್ದದ್ದು ಕಾರಿನಲ್ಲಿ, ಕ್ಯಾರಿಯರ್ ಒಳಗೆ, ಅಂದರೆ ಬೆಕ್ಕನ್ನು ಒಯ್ಯುವ ಬಾಗಿಲಿರುವ ಬುಟ್ಟಿಯೊಳಗೆ, ಬೆಲ್ಟ್ ಬಿಗಿದು. ಟ್ರೇಲರಿನಲ್ಲೇ ಆರಾಮಾಗಿ ಬಿಡಬಹುದಲ್ವಾ ಅಂತ ಬಹಳ ಜನ ಕೇಳುತ್ತಾರೆ. ಬೇಡ. ಓಡುವ ಟ್ರೇಲರಿನ ಒಳಗೆ ಒಮ್ಮೆ ನಿಂತು ನೋಡಿದರೆ ಗೊತ್ತಾಗುತ್ತದೆ. ಕಾರಿಗಿಂತ ಎಷ್ಟೋ ಪಟ್ಟು ಕುಲುಕಾಟ, ಪಾತ್ರೆಗಳ ಗಲಾಟೆ, ಏಸಿ ಇಲ್ಲ, ಏನಾದರೂ ಆದರೆ ಡ್ರೈವರಿಗೆ ತಿಳಿಯುವುದೂ ಇಲ್ಲ.

ಕರಿಯ ಕಾರಿನಲ್ಲಿ ಜೊಲ್ಲು ಸುರಿಸಿ ಅರಚುತ್ತಾನೆ. ಅದಕ್ಕೆ ವೈದ್ಯರು ಗ್ಯಾಬಪೆಂಟಿನ್ ಅನ್ನುವ, ಬೆಕ್ಕಿನ ಗಾಬರಿ ಇಳಿಸುವ ಔಷಧ ಕೊಟ್ಟಿದ್ದರು, ಹೊರಡುವ ಎರಡು ಗಂಟೆ ಮುಂಚೆ ಒಂದು ಡೋಸ್. ಮೊದಲ ಸಲ ಮನೆಯಲ್ಲೇ ಕೊಟ್ಟು ನೋಡಿ ಎಂದಿದ್ದರು. ನೋಡಿದೆವು. ಸಂಜೆವರೆಗೂ ತೂರಾಡಿಕೊಂಡು ಓಡಾಡಿದ, ಸೋಫಾ ಹತ್ತಲು ಹೋಗಿ ಬಿದ್ದ. ಆ ಎಚ್ಚರಿಕೆ ಬಹಳ ಉಪಯೋಗಕ್ಕೆ ಬಂತು. ಇಲ್ಲದಿದ್ದರೆ ದಾರಿಯಲ್ಲಿ ಅದನ್ನು ನೋಡಿ ನಾವೇ ಗಾಬರಿ ಬೀಳುತ್ತಿದ್ದೆವು.

ಎಲ್ಲ ಸರಿ. ತಪ್ಪಾಗಿದ್ದು ಜಾಗ ಉಳಿಸಲು ಹೋಗಿ ಮಾಡಿದ ಎರಡು ಸಣ್ಣ ಕೆಲಸಗಳಲ್ಲಿ. ಒಂದು, ಇಬ್ಬರಿಗೂ ಸೇರಿ ಒಂದೇ ಲಿಟರ್ ಟ್ರೇ (ಮರಳಿನಂಥ ಲಿಟರ್ ತುಂಬಿದ, ಬೆಕ್ಕಿನ ಶೌಚದ ತಟ್ಟೆ) ಇಟ್ಟೆವು, ಅದೂ ಬಚ್ಚಲಲ್ಲಿ. ಇನ್ನೊಂದು, ಕ್ಯಾಂಪ್ ತಲುಪಿ ಬೆಕ್ಕುಗಳನ್ನು ಇಳಿಸಿದ ಮೇಲೆ ಕ್ಯಾರಿಯರ್ ಎರಡನ್ನೂ ಕಾರಿಗೆ ವಾಪಸ್ ಇಟ್ಟೆವು. ಕಾಲಿಗೆ ಅಡ್ಡ ಬರುತ್ತವೆ ಅಂತ.

ಆ ರಾತ್ರಿ

ಹೊರಗೆ ಓಡಿದೆವು. ಮೊದಲ ಒಂದು ಗಂಟೆ ಹೆಸರು ಕೂಗಿಕೊಂಡು ದಿಕ್ಕಿಗೊಬ್ಬರಂತೆ ಓಡಾಡಿದ್ದಷ್ಟೇ ಬಂತು. ಕಾಲು ಸುಟ್ಟ ಬೆಕ್ಕು ಅಂತಾರಲ್ಲ, ಆವತ್ತು ಹಾಗಿದ್ದವರು ನಾವು.

ಒಂಬತ್ತರ ಹೊತ್ತಿಗೆ ಅಕ್ಕ ಕೂತು ಫೋನಿನಲ್ಲಿ ಓದಲು ಶುರುಮಾಡಿದಳು. ಕಾಣೆಯಾದ 1,210 ಬೆಕ್ಕುಗಳ ಬಗ್ಗೆ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಿಕ್ಕಿತು. ಒಂದು ವರ್ಷದೊಳಗೆ ಜೀವಂತ ಸಿಕ್ಕವು 61%. ಸುಮಾರು ಮೂರನೇ ಒಂದು ಭಾಗ ಮೊದಲ 7 ದಿನಗಳಲ್ಲೇ ಸಿಕ್ಕಿದ್ದವು. ಸಿಕ್ಕವುಗಳಲ್ಲಿ 75% ಇದ್ದದ್ದು ಕಳೆದುಹೋದ ಜಾಗದಿಂದ 500 ಮೀಟರ್ ಒಳಗೆ. ಮನೆಯೊಳಗಿನ ಬೆಕ್ಕುಗಳಂತೂ ಇನ್ನೂ ಹತ್ತಿರ. ಪೋಸ್ಟರ್ ಅಂಟಿಸುವುದಕ್ಕಿಂತ ಮೊಣಕಾಲೂರಿ ಮೂಲೆ ಮೂಲೆ ನೋಡುವುದೇ ಜಾಸ್ತಿ ಕೆಲಸ ಮಾಡುತ್ತದೆ ಎಂದೂ ಅದರಲ್ಲಿತ್ತು.

ಹೆದರಿದ ಬೆಕ್ಕು ದೂರ ಓಡುವುದಿಲ್ಲ. ಹತ್ತಿರದ ಕತ್ತಲಿಗೆ ನುಗ್ಗಿ ಉಸಿರು ಬಿಗಿಹಿಡಿದು ಕೂರುತ್ತದೆ. ಕೂಗಿದರೂ ಉತ್ತರ ಕೊಡುವುದಿಲ್ಲ. ಇದನ್ನು ಓದಿದ ಮೇಲೆ ಸರಿಯಾದ ರೀತಿಯಲ್ಲೇ ಹುಡುಕಿದೆವು. ಅಕ್ಕಪಕ್ಕದವರ ಅನುಮತಿ ಕೇಳಿ ಅವರ ಟ್ರೇಲರುಗಳ ಕೆಳಗೆ, ಪೊದೆಗಳ ಬುಡದಲ್ಲಿ, ಸೌದೆಯ ರಾಶಿಯ ಹಿಂದೆ ಟಾರ್ಚ್ ಹಿಡಿದು ನೋಡಿದೆವು. ಟಾರ್ಚನ್ನು ನಮ್ಮ ಕಣ್ಣಿನ ಮಟ್ಟಕ್ಕೆ ಹಿಡಿದರೆ ಬೆಕ್ಕಿನ ಕಣ್ಣು ಹಸಿರಾಗಿ ಹೊಳೆಯುತ್ತದೆ. ಕಣ್ಣಿನ ಹಿಂದೆ ಕನ್ನಡಿಯಂಥ ಒಂದು ಪದರ ಇರುವುದರಿಂದ. ಎರಡು ಜೊತೆ ಕಣ್ಣು ಹೊಳೆದವು. ಒಂದು ನಾಯಿಯದು. ಇನ್ನೊಂದು ಯಾವುದರದ್ದೋ, ಹತ್ತಿರ ಹೋಗಲು ಧೈರ್ಯ ಬರಲಿಲ್ಲ.

ರಾತ್ರಿ ಒಂದು ಗಂಟೆಗೆ ಇನ್ನೂ ಎರಡು ಕೆಲಸ ಮಾಡಿದೆವು. ವಾಸನೆ ಹಿಡಿದು ಬರಲಿ ಅಂತ ಲಿಟರ್ ಟ್ರೇಯನ್ನು ಹೊರಗಿಟ್ಟೆವು. ಬಂದರೆ ಒಳಗೆ ಬರಲಿ ಅಂತ ಟ್ರೇಲರಿನ ಬಾಗಿಲನ್ನು ತೆರೆದಿಟ್ಟು, ಚುಕ್ಕಿಯನ್ನು ಬಚ್ಚಲಲ್ಲಿ ಕೂಡಿ ಹಾಕಿದೆವು. ಈ ಎರಡನ್ನೂ ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಾರಣ ಆಮೇಲೆ ಹೇಳುತ್ತೇನೆ. ಟ್ರೇ ಇಲ್ಲದೆ ಚುಕ್ಕಿ ಬಚ್ಚಲ ತೂಬಿನ ಮೇಲೆ ಉಚ್ಚೆ ಹೊಯ್ದಳು. ಅವಳ ವ್ಯವಹಾರ ಅಚ್ಚುಕಟ್ಟು.

ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕನಿಗೆ ಹೊಸ ಯೋಚನೆ ಬಂತು. ನಮ್ಮ ಟ್ರೇಲರಿಗೆ ಒಂದು ಸ್ಲೈಡ್-ಔಟ್ ಇದೆ. ಗಾಡಿ ನಿಂತ ಮೇಲೆ ಬಟನ್ ಒತ್ತಿದರೆ ಗೋಡೆಯ ಒಂದು ಭಾಗ ಊಟದ ಸೀಟುಗಳ ಸಮೇತ ಮೋಟಾರಿನ ಬಲದಿಂದ ಹೊರಗೆ ಸರಿದು, ಒಳಗೆ ಜಾಗ ಹೆಚ್ಚಾಗುತ್ತದೆ. "ಅದನ್ನ ಒಳಗೆ ಎಳೆದುಬಿಡೋಣ, ಕೆಳಗಡೆ ಹುಲ್ಲಿನಲ್ಲಿ ಇದ್ದರೂ ಇರಬಹುದು" ಎಂದು ಬಟನ್ ಹತ್ತಿರ ಕೈ ಇಟ್ಟಳು.

ಪಕ್ಕದ ಜಾಗದಲ್ಲಿದ್ದ ಹಿರಿಯ ಹೆಂಗಸೊಬ್ಬರು ಆಗ ತಾನೇ ಕರಿಯನ ಬಗ್ಗೆ ವಿಚಾರಿಸಲು ಬಂದಿದ್ದರು. ಬಾಗಿಲಿನಿಂದಲೇ ಕೂಗಿದರು.

"ಮುಟ್ಟಬೇಡಮ್ಮಾ ಅದನ್ನ! ಮೊದಲು ಒಳಗೆ ಹುಡುಕಿದ್ರಾ?"

"ಎಲ್ಲಾ ನೋಡಿದ್ವಿ ಅಮ್ಮಾ, ನಿನ್ನೇನೇ."

"ಎಷ್ಟೊತ್ತು?"

ನಾನು ಉತ್ತರ ಕೊಡಲಿಲ್ಲ. ಐದು ನಿಮಿಷ ಅಂತ ಹೇಳಲು ನಾಚಿಕೆಯಾಯಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದು ಅಂದರೆ ಇದೇ ಅಲ್ವಾ?

ಅವರು ಬೆಕ್ಕುಗಳ ಜೊತೆ ವರ್ಷಗಟ್ಟಲೆ ಟ್ರೇಲರಿನಲ್ಲಿ ಓಡಾಡಿದವರು. ಒಳಗೆ ಬಂದವರೇ ಮಾಡಿದ್ದು ಇಷ್ಟು: ನೀರಿನ ಪಂಪ್ ಆಫ್ ಮಾಡಿಸಿದರು, ಫ್ಯಾನ್ ಆಫ್ ಮಾಡಿಸಿದರು, ನಮ್ಮಿಬ್ಬರ ಬಾಯಿ ಮುಚ್ಚಿಸಿದರು. ಬಾಗಿಲು ಹಾಕಿ ಚುಕ್ಕಿಯನ್ನು ಬಚ್ಚಲಿಂದ ಬಿಟ್ಟರು. ಸುಮ್ನೆ ಕೂತೆವು.

ಚುಕ್ಕಿ ನೇರ ಹೋಗಿ ಸಿಂಕಿನ ಕೆಳಗಿನ ಡ್ರಾಯರಿನ ಮುಂದೆ ಕೂತಳು. ಮೂಗು ಆಡಿಸಿದಳು. ಹಿಂದಿನ ಸಂಜೆ ಊಟ ಮುಗಿಸಿದ ಮೇಲೂ ಅವಳು ಕೂತಿದ್ದು ಅಲ್ಲೇ. ನಾವು ಅವಳನ್ನು ದಾಟಿಕೊಂಡು ಹತ್ತು ಸಲ ಓಡಾಡಿದ್ದೆವು.

ಡ್ರಾಯರನ್ನು ಪೂರ್ತಿ ಹೊರಗೆ ಎಳೆದೆವು. ಹಿಂದಿನ ಹಲಗೆಯಲ್ಲಿ ನೀರಿನ ಪೈಪುಗಳು ಹಾದುಹೋಗಲು ಕೊರೆದ ರಂಧ್ರ. ಪೈಪಿಗೆ ಬೇಕಾದ್ದಕ್ಕಿಂತ ಬಹಳ ದೊಡ್ಡದು, ನನ್ನ ಎರಡು ಮುಷ್ಟಿ ಹೋಗುವಷ್ಟು. ಬೆಕ್ಕಿನ ಭುಜದ ಮೂಳೆಗಳು ನಮ್ಮ ಹಾಗೆ ಎದೆಗೂಡಿಗೆ ಬಿಗಿಯಾಗಿ ಕೂಡಿಕೊಂಡಿಲ್ಲ. ತಲೆ ತೂರಿದ ಜಾಗದಲ್ಲಿ ಮೈಯೂ ಹೆಚ್ಚುಕಡಿಮೆ ತೂರುತ್ತದೆ. ಟಾರ್ಚ್ ಬಿಟ್ಟೆ. ಸೀಟಿನ ಕೆಳಗಿನ ಟೊಳ್ಳಿನಲ್ಲಿ, ಸ್ಲೈಡ್-ಔಟಿನ ಕಂಬಿಯಿಂದ ಒಂದು ಗೇಣು ದೂರದಲ್ಲಿ, ಎರಡು ಹಸಿರು ಚುಕ್ಕೆ.

ಅಕ್ಕ ನೆಲದ ಮೇಲೆ ಕೂತು ಅತ್ತಳು.

ಕೈ ಹಾಕಿ ಎಳೆಯಲು ನಾನು ಹೋದಾಗ ಆ ಹೆಂಗಸು ಬೇಡ ಎಂದರು. ಎಳೆದರೆ ಇನ್ನೂ ಒಳಗೆ ಹೋಗುತ್ತಾನೆ. "ಅವನ ಬುಟ್ಟಿ ಎಲ್ಲಿ?" ಎಂದು ಕೇಳಿದರು. ಕಾರಿನಲ್ಲಿದೆ ಎಂದೆ. ನನ್ನ ಮುಖವನ್ನೇ ಒಂದು ಕ್ಷಣ ನೋಡಿದರು. ಕ್ಯಾರಿಯರ್ ತಂದು, ಒಳಗೆ ಅವನ ಹಳೇ ಹೊದಿಕೆ ಹಾಕಿ, ಬಾಗಿಲು ತೆರೆದು ರಂಧ್ರದ ಎದುರಿಗಿಟ್ಟೆವು. ಚುಕ್ಕಿಯನ್ನು ಎತ್ತಿಕೊಂಡು ಮಂಚದ ಕಡೆ ಹೋಗಿ ಕೂತೆವು. ಮಧ್ಯಾಹ್ನ ಒಂದೂವರೆಗೆ ಮೈತುಂಬ ಮರದ ಪುಡಿ ಮೆತ್ತಿಕೊಂಡು ಕರಿಯ ಹೊರಬಂದ. ಯಾರನ್ನೂ ನೋಡಲಿಲ್ಲ. ನೇರ ಕ್ಯಾರಿಯರಿನೊಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ.

ಆಸ್ಪತ್ರೆಯಲ್ಲಿ

ಕಥೆ ಅಲ್ಲಿಗೆ ಮುಗಿದಿದ್ದರೆ ಬರೆಯುತ್ತಿರಲಿಲ್ಲ. ಟ್ರೇ ಹೊರಗೆ ಇಟ್ಟಿದ್ದೆವಲ್ಲ, ಅದನ್ನು ಒಳಗೆ ತರುವಾಗ ನನಗೆ ಲೆಕ್ಕ ಹೊಳೆಯಿತು. ಉಚ್ಚೆ ಬಿದ್ದ ಕಡೆ ಲಿಟರ್ ಉಂಡೆ ಕಟ್ಟುತ್ತದೆ. ಕಳೆದ ಎರಡು ದಿನ ನಾನು ತೆಗೆದ ಉಂಡೆಗಳೆಲ್ಲ ಚಿಕ್ಕವು. ಕರಿಯನ ಉಂಡೆ ದೊಡ್ಡದಿರುತ್ತದೆ. ಇಬ್ಬರಿಗೂ ಒಂದೇ ಟ್ರೇ ಆದ್ದರಿಂದ ಯಾರದು ಯಾವುದು ಅಂತ ನೋಡಿರಲೇ ಇಲ್ಲ. ಕರಿಯ ಸರಿಯಾಗಿ ಉಚ್ಚೆ ಹೊಯ್ದು ಎಷ್ಟು ಹೊತ್ತಾಯಿತು?

ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ. ಕಲ್ಲೋ ಲೋಳೆಯೋ ಅಡ್ಡ ಬಂದು ಮುಚ್ಚಿಕೊಂಡರೆ ಎರಡು ಮೂರು ದಿನದಲ್ಲಿ ಜೀವವೇ ಹೋಗಬಹುದು. ಭಯ, ಒತ್ತಡದಿಂದಲೇ ಮೂತ್ರಕೋಶ ಉರಿಯೂತ ಆಗುವುದೂ ಬೆಕ್ಕುಗಳಲ್ಲಿ ಸಾಮಾನ್ಯ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿದ್ದೂ ಟ್ರೇ ಕಡೆ ನೋಡಿರಲಿಲ್ಲ, ನೋಡಿ. ನಲವತ್ತು ನಿಮಿಷದ ದಾರಿಯ ಒಂದು ಪಶು ಆಸ್ಪತ್ರೆಗೆ ಓಡಿದೆವು. ದಾರಿಯ ಅರ್ಧದಲ್ಲಿ ಕ್ಯಾರಿಯರಿನಿಂದ ವಾಸನೆ ಬಂತು. ಅಷ್ಟು ಘಾಟಾದ ವಾಸನೆಗೆ ಇಬ್ಬರು ಮನುಷ್ಯರು ಅಷ್ಟು ಸಂತೋಷಪಟ್ಟಿದ್ದು ಬೇರೆಲ್ಲೂ ಇರಲಾರದು.

ವೈದ್ಯರು ಹೊಟ್ಟೆ ಒತ್ತಿ ನೋಡಿದರು. ನಾಳ ಮುಚ್ಚಿರಲಿಲ್ಲ. ಮೂತ್ರದಲ್ಲಿ ಸ್ವಲ್ಪ ರಕ್ತ ಇತ್ತು. ನೋವಿನ ಔಷಧ ಕೊಟ್ಟು, ಒಣ ಆಹಾರ ಬಿಟ್ಟು ನೀರಿನಂಶ ಇರುವ ಊಟ ಹಾಕಿ ಎಂದರು. ಟ್ರೇಗೆ ಪದೇಪದೇ ಹೋಗಿ ಏನೂ ಬಾರದೆ ತಿಣುಕಿದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಬನ್ನಿ ಎಂದರು. ಇನ್ನೊಂದು ಮಾತೂ ಹೇಳಿದರು. ದಪ್ಪ ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ ಮೈಯ ಕೊಬ್ಬು ಯಕೃತ್ತಿನಲ್ಲಿ ತುಂಬಿಕೊಂಡು ಕಾಯಿಲೆಯಾಗುತ್ತದೆ. ಹಾಗಾಗಿ ಹಸಿವಾದಾಗ ತಾನೇ ತಿನ್ನುತ್ತೆ ಬಿಡು ಅನ್ನುವುದು ಬೆಕ್ಕಿನ ವಿಷಯದಲ್ಲಿ ನಡೆಯುವುದಿಲ್ಲ.

ಲಿಟರ್ ಟ್ರೇಯನ್ನು ರಾತ್ರಿಯಿಡೀ ಹೊರಗಿಟ್ಟಿದ್ದೆವು ಎಂದಾಗ ಅವರು ತಲೆ ಆಡಿಸಿದರು, ಅಷ್ಟೇ. ಒಳಗೆ ಅಡಗಿದ್ದ ಬೆಕ್ಕಿಗೆ ಇದ್ದ ಒಂದು ಟ್ರೇಯನ್ನೂ ನಾವೇ ಕಿತ್ತುಕೊಂಡಿದ್ದೆವು. ತೆರೆದಿಟ್ಟ ಬಾಗಿಲಿನ ವಿಷಯ ನಾನು ಅವರಿಗೆ ಹೇಳಲಿಲ್ಲ. ರಾತ್ರಿ ಮೂರಕ್ಕೆ ಅವನು ರಂಧ್ರದಿಂದ ಹೊರಬಂದಿದ್ದರೆ, ಎದುರಿಗೆ ಕಾಣುತ್ತಿದ್ದದ್ದು ಅಪರಿಚಿತ ಕಾಡು.

ಯಾಕೆ ಹೋದ?

ಆ ಸಂಜೆಯಿಂದ ಮುಂದಿನ ಎರಡು ದಿನ ಎಲ್ಲಿಗೂ ಹೋಗದೆ ಇದನ್ನೇ ಯೋಚಿಸಿದೆವು. ಅಕ್ಕನ ವಾದ, ಹೊಸ ಜಾಗ, ಹೆದರಿದ, ಅಡಗಿದ. ನನಗೆ ಅದು ಸಾಲದು ಅನ್ನಿಸಿತು. ಹೊಸ ಜಾಗದಲ್ಲಿ ಬೆಕ್ಕು ಅಡಗುವುದು ಗೊತ್ತಿದ್ದದ್ದೇ. ಆದರೆ ಅಡಗಲು ಇವನು ಅಂಥ ಜಾಗವನ್ನೇ ಯಾಕೆ ಆರಿಸಿದ?

ನಾನು ಬೆಕ್ಕಿನ ಎತ್ತರಕ್ಕೆ ನೆಲದ ಮೇಲೆ ಮಲಗಿ ಅಕ್ಕನಿಗೆ ಎಲ್ಲವನ್ನೂ ಒಂದೊಂದಾಗಿ ಆನ್ ಮಾಡಲು ಹೇಳಿದೆ. ನಲ್ಲಿ ತಿರುಗಿಸಿದ ಕೂಡಲೇ ಬಚ್ಚಲ ಗೋಡೆಯ ಹಿಂದಿನ ಪಂಪ್ ಗರ್ ಎಂದು ನಡುಗಿತು. ನಿಂತಿದ್ದಾಗ ಅದು ಸಣ್ಣ ಸದ್ದು. ಕಿವಿ ನೆಲಕ್ಕಿಟ್ಟರೆ ಹಲ್ಲು ಅದುರುತ್ತದೆ. ಲಿಟರ್ ಟ್ರೇ ಇದ್ದದ್ದು ಆ ಗೋಡೆಗೆ ಒತ್ತಿಕೊಂಡು! ಕರಿಯ ಟ್ರೇಯಲ್ಲಿ ಕೂತಾಗ ನಮ್ಮಲ್ಲೊಬ್ಬರು ಕೈ ತೊಳೆಯಲು ನಲ್ಲಿ ಬಿಟ್ಟಿರಬೇಕು. ಒಂದೇ ಸಲ ಸಾಕು. ಬೆಕ್ಕಿಗೆ 85 ಕಿಲೋಹರ್ಟ್ಜ್‌ವರೆಗಿನ ಶಬ್ದ ಕೇಳುತ್ತದೆ, ನಮಗೆ 20ರ ತನಕ. ಬ್ಯಾಟರಿ ಚಾರ್ಜರ್, ಫ್ಯಾನಿನ ಮೋಟಾರ್ ಇವುಗಳಿಂದ ನಮಗೆ ಕೇಳದ ಏನೇನು ಸದ್ದು ಅವನಿಗೆ ಕೇಳುತ್ತಿತ್ತೋ.

ಜೊತೆಗೆ ಮೂರು ದಿನದಲ್ಲಿ ಮೂರು ಜಾಗ. ಪ್ರತಿ ಸಂಜೆ ಒಂದು ಗೋಡೆ ಸದ್ದು ಮಾಡುತ್ತಾ ನಡೆದು ಹೋಗುತ್ತದೆ, ಬೆಳಿಗ್ಗೆ ವಾಪಸ್ ಬರುತ್ತದೆ. ನಮಗೆ ಅದು ಸೌಕರ್ಯ. ಗೋಡೆಯ ಮೂಲೆ ಮೂಲೆಗೂ ಕೆನ್ನೆ ಉಜ್ಜಿ ಇದು ನನ್ನದು ಎಂದು ಗುರುತು ಹಾಕಿಕೊಳ್ಳುವ ಪ್ರಾಣಿಗೆ?

ಇದೆಲ್ಲ ಇದ್ದರೂ ಪರವಾಗಿಲ್ಲ ಅನ್ನಬಹುದಿತ್ತು, ಕ್ಯಾರಿಯರ್ ಒಳಗೇ ಇದ್ದಿದ್ದರೆ. ಇಡೀ ಟ್ರೇಲರಿನಲ್ಲಿ ಮನೆಯ ವಾಸನೆ ಇದ್ದ, ಮುಚ್ಚಿಗೆ ಇದ್ದ, ಅವನಿಗೆ ಪರಿಚಯ ಇದ್ದ ಜಾಗ ಅದೊಂದೇ. ನಮಗೆ ಅದು ಸಾಮಾನು. ಅವನಿಗೆ ಅದೇ ಮನೆ. ಇಳಿದ ಕೂಡಲೇ ಅವನ ಮನೆಯನ್ನು ಎತ್ತಿ ಕಾರಿಗೆ ಹಾಕಿದೆವು. ಆಮೇಲೆ ಅವನು ಬೇರೆ ಮನೆ ಹುಡುಕಿಕೊಂಡ, ಕತ್ತಲೆ ಇರುವುದು, ನಾಲ್ಕೂ ಕಡೆ ಮೈಗೆ ತಾಗುವುದು, ಯಾರ ಕೈಯೂ ಬಾರದ್ದು. ಆ ಹೆಂಗಸು ನನ್ನ ಮುಖ ನೋಡಿದ್ದು ಯಾಕೆ ಅಂತ ಆಗ ಅರ್ಥವಾಯಿತು.

ಏನು ಬದಲಾಯಿಸಿದೆವು

ಮೊದಲು ಪ್ಲಾನ್ ಕತ್ತರಿಸಿದೆವು. ಐದು ಜಾಗದ ಬದಲು ಮೂರೇ. ಉಳಿದ ದಿನಗಳನ್ನೆಲ್ಲ ಅಲ್ಲೇ ಕಳೆದೆವು. ಅಕ್ಕನಿಗೆ ಬೇಸರವಾಯಿತು, ಅವಳು ನೋಡಬೇಕೆಂದಿದ್ದ ಜಲಪಾತ ತಪ್ಪಿತು. ಅದನ್ನು ಅವಳು ಇನ್ನೂ ಆಡಿಕೊಳ್ಳುತ್ತಾಳೆ.

ಕ್ಯಾರಿಯರ್ ಎರಡೂ ಈಗ ಟ್ರೇಲರಿನೊಳಗೇ ಇರುತ್ತವೆ, ಮಂಚದ ಪಕ್ಕ, ಬಾಗಿಲು ತೆರೆದು. ನಾವು ಅವನ್ನು ದಾಟಿಕೊಂಡು ಓಡಾಡುತ್ತೇವೆ. ಟ್ರೇ ಎರಡಾಯಿತು. ಬೆಕ್ಕಿನ ಸಂಖ್ಯೆಗಿಂತ ಒಂದು ಜಾಸ್ತಿ ಇರಬೇಕು ಅನ್ನುವುದು ಲೆಕ್ಕ, ಆದರೆ ಮೂರು ಇಡಲು ನಮ್ಮಲ್ಲಿ ಜಾಗವಿಲ್ಲ. ಎರಡೂ ಪಂಪಿನಿಂದ ದೂರ, ಮನೆಯಲ್ಲಿ ಬಳಸುವ ಅದೇ ಲಿಟರ್, ಸುವಾಸನೆಯ ಬ್ರಾಂಡು ಬೇಡ. ಪಂಪಿನ ಕೆಳಗೆ ರಬ್ಬರ್ ಹಾಳೆ ಹಾಕಿಸಿದೆವು. ರಾತ್ರಿ ಆಫ್.

ರಂಧ್ರಗಳು. ಟ್ರೇಲರ್ ಕೊಂಡವರು ಒಂದು ಮಧ್ಯಾಹ್ನ ಇದಕ್ಕೇ ಇಡಬೇಕು. ಡ್ರಾಯರುಗಳನ್ನೆಲ್ಲ ಬಿಚ್ಚಿ, ಟಾರ್ಚ್ ಹಿಡಿದು, ಬೆಕ್ಕಿನ ತಲೆ ತೂರುವ ಪ್ರತಿ ತೂತನ್ನೂ ನೋಡಿ. ನಮ್ಮಲ್ಲಿ ಏಳು ಸಿಕ್ಕವು. ತಯಾರಿಸಿದವರಿಗೆ ಪೈಪು ಹೋದರೆ ಸಾಕು, ಬೆಕ್ಕಿನ ಯೋಚನೆ ಯಾಕೆ ಬರಬೇಕು? ಪ್ಲೈವುಡ್ ತುಂಡು ಮತ್ತು ಸ್ಟೀಲ್ ಜಾಲರಿ ಸ್ಕ್ರೂ ಹಾಕಿ ಮುಚ್ಚಿದೆವು. ಫೋಮ್ ತುಂಬಬೇಡಿ, ಕಿತ್ತು ತಿನ್ನುತ್ತವೆ. ಫ್ರಿಜ್ ಮತ್ತು ಹೀಟರಿನ ಗಾಳಿಕಿಂಡಿಗಳನ್ನು ಹಲಗೆಯಿಂದ ಮುಚ್ಚಲೇಬೇಡಿ. ಅಲ್ಲಿ ಗಾಳಿ ಆಡಬೇಕು, ಜಾಲರಿ ಮಾತ್ರ.

ಸ್ಲೈಡ್-ಔಟಿಗೆ ಒಂದೇ ನಿಯಮ. ಎರಡೂ ಬೆಕ್ಕು ಕ್ಯಾರಿಯರಿನಲ್ಲಿ, ಕ್ಯಾರಿಯರ್ ಕಾರಿನಲ್ಲಿ, ಒಬ್ಬರು ಕಣ್ಣಾರೆ ನೋಡಿ "ಎರಡು" ಎಂದು ಕೂಗಬೇಕು. ಆಮೇಲೆ ಬಟನ್. ಮಳೆ ಬರಲಿ, ತಡವಾಗಲಿ. ಬಾಗಿಲಿನ ಹೊರಗೆ ಜಿಪ್ ಇರುವ ಸೊಳ್ಳೆಪರದೆಯ ಟೆಂಟ್ ಕಟ್ಟಿದ್ದೇವೆ. ಒಳಗಿನದು ಮುಚ್ಚಿದ ಮೇಲೇ ಹೊರಗಿನದು ತೆರೆಯುವುದು.

ಬಿಸಿಲಿನ ವಿಷಯ ಬೇರೆ. ಅದಕ್ಕೂ ಕರಿಯನ ಪ್ರಕರಣಕ್ಕೂ ಸಂಬಂಧವಿಲ್ಲ, ಆದರೆ ಅದೇ ಪ್ರವಾಸದ ಒಂಬತ್ತನೇ ದಿನ ಕ್ಯಾಂಪಿನ ಕರೆಂಟು ಹೋಗಿ ಏಸಿ ನಿಂತಿತು. ನಾವು ಒಳಗೇ ಇದ್ದೆವು, ಕಿಟಕಿ ತೆರೆದೆವು. ಇಲ್ಲದಿದ್ದರೆ? ಹೊರಗೆ 21 ಡಿಗ್ರಿ ಇರುವ ಹಿತವಾದ ದಿನದಲ್ಲೂ ಬಿಸಿಲಿಗೆ ನಿಂತ ಮುಚ್ಚಿದ ಕಾರು ಒಂದು ಗಂಟೆಯಲ್ಲಿ 40 ದಾಟಬಹುದು, ಅದರಲ್ಲಿ ಬಹುಪಾಲು ಏರಿಕೆ ಮೊದಲ ಅರ್ಧ ಗಂಟೆಯಲ್ಲೇ. ಟ್ರೇಲರ್ ಸ್ವಲ್ಪ ನಿಧಾನಕ್ಕೆ ಕಾಯಬಹುದು, ಆದರೆ ಕಾಯುತ್ತದೆ. ಈಗ ಫೋನಿಗೆ ಎಚ್ಚರಿಕೆ ಕಳಿಸುವ ಉಷ್ಣಮಾಪಕ ಇಟ್ಟಿದ್ದೇವೆ. ಆದರೂ ಬಿಸಿಲು ಇರುವಾಗ ಒಬ್ಬರು ಹತ್ತಿರವೇ ಇರುತ್ತೇವೆ. ಸಿಗ್ನಲ್ ಇಲ್ಲದ ಕಡೆ ಆ ಉಪಕರಣ ಬರೀ ಗಡಿಯಾರ.

ಮುಂದಿನ ಪ್ರವಾಸಕ್ಕೆ ಮುಂಚೆ ಟ್ರೇಲರನ್ನು ಮನೆಯ ಮುಂದೆ ಮೂರು ವಾರ ನಿಲ್ಲಿಸಿ, ದಿನಾ ಸಂಜೆ ಊಟ ಅಲ್ಲೇ ಹಾಕಿದೆವು. ಮೊದಲ ವಾರ ಕರಿಯ ತಿಂದು ಓಡುತ್ತಿದ್ದ. ಮೂರನೇ ವಾರ ತಿಂದು ಮಂಚದ ಮೇಲೆ ನಿದ್ದೆ ಹೊಡೆದ. ಆ ಪ್ರವಾಸದಲ್ಲಿ ಮೊದಲ ರಾತ್ರಿಯೇ ಟ್ರೇಯಲ್ಲಿ ದೊಡ್ಡ ಉಂಡೆ ಸಿಕ್ಕಿತು. ಅಕ್ಕನನ್ನು ಎಬ್ಬಿಸಿ ತೋರಿಸಿದೆ.

ಎಲ್ಲ ಸರಿಹೋಯಿತು ಅಂತೇನಿಲ್ಲ. ಕಾರು ಹೊರಟ ಮೊದಲ ಇಪ್ಪತ್ತು ನಿಮಿಷ ಅವನು ಈಗಲೂ ಅರಚುತ್ತಾನೆ. ಹಗ್ಗ ಕಟ್ಟಲು ಮೈಗೆ ಹಾರ್ನೆಸ್ ಪಟ್ಟಿ ಹಾಕಿದರೆ ಮೂಟೆಯ ಹಾಗೆ ಪಕ್ಕಕ್ಕೆ ಉರುಳಿ ಬೀಳುತ್ತಾನೆ, ಅವನನ್ನು ಹೊರಗೆ ಸುತ್ತಾಡಿಸುವ ಆಸೆ ಬಿಟ್ಟಿದ್ದೇವೆ. ಚುಕ್ಕಿ ಮಾತ್ರ ಹಗ್ಗ ಕಟ್ಟಿಸಿಕೊಂಡು ಯಜಮಾನಿಯ ಹಾಗೆ ನಡೆಯುತ್ತಾಳೆ.

ಸಿಂಕಿನ ಕೆಳಗಿನ ರಂಧ್ರ ಮುಚ್ಚಿ ಎರಡು ವರ್ಷವಾಯಿತು. ಕ್ಯಾಂಪ್ ತಲುಪಿದ ಮೊದಲ ಸಂಜೆ ಊಟ ಮುಗಿಸಿದ ಮೇಲೆ ಚುಕ್ಕಿ ಈಗಲೂ ಆ ಡ್ರಾಯರಿನ ಮುಂದೆ ಹೋಗಿ ಐದು ನಿಮಿಷ ಕೂರುತ್ತಾಳೆ. ಅವಳ ಹಿಂದೆ, ಕ್ಯಾರಿಯರಿನೊಳಗೆ, ಕರಿಯ ಗೊರಕೆ ಹೊಡೆಯುತ್ತಿರುತ್ತಾನೆ.